ಮೊಹರಿನ ಬಂಡಲ್‌ನಿಂದ ಅರಿಸಿನದ ಚೀಟಿಗೆ: ಒಂದು ದೃಷ್ಟಾಂತದ ಮರುಬೋಧನೆ

ದೃಷ್ಟಾಂತ ಕೌಶಲದ ಸೂಕ್ಷ್ಮ ಬೋಧನೆಗೆ ನಾನು ಆರಿಸಿಕೊಂಡ ವಿಷಯ, ಪೈಥಾನ್‌ನಲ್ಲಿ ಒಂದು ಸಿ ಮಾಡ್ಯೂಲು ಇನ್ನೊಂದಕ್ಕೆ ಪಾಯಿಂಟರನ್ನು ಸುರಕ್ಷಿತವಾಗಿ ಒಪ್ಪಿಸುವ ಬಗೆ. ಚಾಮರಾಜನಗರದಲ್ಲಿ ಸಹಪಾಠಿಗಳ ಎದುರು ಮಾಡಿದ ಮೊದಲ ಪಾಠ ಸರಾಗವಾಗಿ ಸಾಗಿತು, ಆದರೆ ತಪ್ಪು ಕಲಿಸಿತು. ಅದನ್ನೇ ತಿದ್ದಿ ಗುಂಡ್ಲುಪೇಟೆಯಲ್ಲಿ ಬಿಸಿಎ ವಿದ್ಯಾರ್ಥಿಗಳಿಗೆ ಮತ್ತೆ ಕಲಿಸಿದೆ. ನಡುವೆ ಏನು ಬದಲಾಯಿತೆಂಬುದೇ ಈ ಬರಹ.

ವಿಷಯದ ತಿರುಳು

ಪಾಯಿಂಟರ್ ಎಂದರೆ ಮೆಮೊರಿಯ ಒಂದು ವಿಳಾಸ. ಅಲ್ಲಿ ಇರುವುದು ಪೂರ್ಣಾಂಕವೋ, ಫಂಕ್ಷನ್‌ಗಳ ಪಟ್ಟಿಯೋ ಎಂಬುದನ್ನು ಆ ವಿಳಾಸ ಹೇಳುವುದಿಲ್ಲ. ಪೈಥಾನ್ ಬರೆಯುವವರಿಗೆ ಸಾಮಾನ್ಯವಾಗಿ ಪಾಯಿಂಟರ್ ಕಾಣುವುದೂ ಇಲ್ಲ. ಆದರೆ ಸಿ ಭಾಷೆಯಲ್ಲಿ ಬರೆದ ಎರಡು ಮಾಡ್ಯೂಲುಗಳು ಜೊತೆಯಾಗಿ ಕೆಲಸ ಮಾಡಬೇಕಾದಾಗ ಅದು ಪೈಥಾನ್‌ನ ಕೈ ದಾಟಿ ಹೋಗಬೇಕಾಗುತ್ತದೆ. ಹಿಂದೆ ಇದಕ್ಕೆಂದು ಇದ್ದ ಸಿಆಬ್ಜೆಕ್ಟ್‌ಗೆ ಹೆಸರಿರಲಿಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಪ್ರೋಗ್ರಾಮೇ ಕುಸಿದುಬೀಳಬಹುದಿತ್ತು. ಅದಕ್ಕೆ ಬದಲಾಗಿ 2.7 ಮತ್ತು 3.1ನೇ ಆವೃತ್ತಿಗಳಲ್ಲಿ ಕ್ಯಾಪ್ಸೂಲ್ ಬಂತು; 3.2ರಲ್ಲಿ ಸಿಆಬ್ಜೆಕ್ಟನ್ನು ಕೈಬಿಡಲಾಯಿತು. ಕ್ಯಾಪ್ಸೂಲಿನಲ್ಲಿ ಪಾಯಿಂಟರಿನ ಜೊತೆಗೆ ಒಂದು ಹೆಸರನ್ನೂ, ಕೊನೆಯಲ್ಲಿ ಶುಚಿಗೊಳಿಸುವ ಡಿಸ್ಟ್ರಕ್ಟರ್ ಫಂಕ್ಷನ್ನನ್ನೂ ಇಡಬಹುದು. ಪಡೆಯುವ ಮಾಡ್ಯೂಲು ತಾನು ಬಯಸುವ ಹೆಸರನ್ನು ಹೇಳಿಯೇ ಪಾಯಿಂಟರ್ ಕೇಳಬೇಕು. ಹೆಸರು ಅಕ್ಷರಶಃ ಹೊಂದದಿದ್ದರೆ ಪಾಯಿಂಟರ್ ಸಿಗದು, ವ್ಯಾಲ್ಯೂಎರರ್ ಬರುತ್ತದೆ.

ಮೊದಲ ಪಾಠ

ಪ್ರಶ್ನೆಪತ್ರಿಕೆಯ ಬಂಡಲನ್ನು ದೃಷ್ಟಾಂತವಾಗಿ ತೆಗೆದುಕೊಂಡೆ. ತರುವವರು ಮೊಹರು ಒಡೆಯುವಂತಿಲ್ಲ. ಕೇಂದ್ರದಲ್ಲಿ ವಿಷಯದ ಹೆಸರು ನೋಡಿಯೇ ತೆರೆಯುತ್ತಾರೆ. ಎಲ್ಲರೂ ತಲೆದೂಗಿದರು. ಕೊನೆಯಲ್ಲಿ ಕೇಳಿದೆ: ‘ಕೊಟ್ಟ ಮಾಡ್ಯೂಲು ತನ್ನ ಮೆಮೊರಿಯನ್ನು ಫ್ರೀ ಮಾಡಿಬಿಟ್ಟಿದೆ. ಕ್ಯಾಪ್ಸೂಲ್ ನಮ್ಮಲ್ಲೇ ಇದೆ. ದತ್ತಾಂಶ ಸಿಗುತ್ತದೆಯೇ?’ ‘ಸಿಗುತ್ತದೆ, ಬಂಡಲ್ ನಮ್ಮ ಕೈಯಲ್ಲೇ ಇದೆಯಲ್ಲ’ ಎಂದರು ಹೆಚ್ಚಿನವರು.

ಹಿಮ್ಮಾಹಿತಿಯಲ್ಲಿ ಮಾರ್ಗದರ್ಶಕರು ಒಂದೇ ಪ್ರಶ್ನೆ ಕೇಳಿದರು: ‘ಬಂಡಲ್ ಒಳಗೆ ಪತ್ರಿಕೆ ಇದೆ ಕಣಮ್ಮ, ನಿನ್ನ ಕ್ಯಾಪ್ಸೂಲ್ ಒಳಗೆ ಏನಿದೆ?’ ವಿಳಾಸ ಮಾತ್ರ. ಸಹಪಾಠಿಗಳು ನನ್ನ ದೃಷ್ಟಾಂತವನ್ನು ಸರಿಯಾಗಿಯೇ ಅನ್ವಯಿಸಿದ್ದರು, ದೃಷ್ಟಾಂತವೇ ತಪ್ಪಾಗಿತ್ತು.

ಮರುಬೋಧನೆ

ಗುಂಡ್ಲುಪೇಟೆಯ ತರಗತಿಯಲ್ಲಿ ಅರಿಸಿನ ಬೆಳೆಯುವ ಮನೆಗಳ ಮಕ್ಕಳಿದ್ದರು. ಈ ಬಾರಿ ಗೋದಾಮಿನ ಚೀಟಿ ತೆಗೆದುಕೊಂಡೆ. ಮಡಿಸಿದ ಚೀಟಿಯ ಹೊರಗೆ ‘ಅರಿಸಿನ’ ಎಂಬ ಹೆಸರು, ಒಳಗೆ ಸಾಲಿನ ಸಂಖ್ಯೆ. ಬೆಂಚಿನ ಸಾಲುಗಳೇ ಗೋದಾಮು, ಪುಸ್ತಕದ ಚೀಲಗಳೇ ಮೂಟೆ. ಒಬ್ಬರು ಗೋದಾಮಿನವರು, ಒಬ್ಬರು ಚೀಟಿ ಒಯ್ಯುವ ಪೈಥಾನ್, ಒಬ್ಬರು ಕೊಳ್ಳುವವರು.

ಮೊದಲ ಸುತ್ತಿನಲ್ಲಿ ಹೆಸರು ಹೊಂದಿತು, ಮೂಟೆ ಸಿಕ್ಕಿತು. ಎರಡನೆಯದರಲ್ಲಿ ‘ರಾಗಿ’ ಎಂಬ ಚೀಟಿ ಕಳಿಸಿದೆ. ಕೊಳ್ಳುವವನು ಬಿಚ್ಚದೆ ಹಿಂದಿರುಗಿಸಿದ. ‘ಇದೇ ವ್ಯಾಲ್ಯೂಎರರ್’ ಎಂದೆ. ಮೂರನೆಯದರಲ್ಲಿ ಚೀಟಿ ದಾರಿಯಲ್ಲಿರುವಾಗಲೇ ಮೂಟೆ ತೆಗೆಸಿದೆ. ಹೆಸರು ಸರಿ, ಸಾಲು ಖಾಲಿ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು: ‘ಮೂಟೆ ಮಾರಿದ್ಮೇಲೆ ಚೀಟಿ ಇಟ್ಕೊಂಡು ಏನ್ ಮಾಡದು ಮೇಡಂ?’ ಪಕ್ಕದವಳು ಮುಂದುವರಿಸಿದಳು: ‘ಖಾಲಿ ಇದ್ರೆ ಗೊತ್ತಾಯ್ತದೆ. ಅಲ್ಲಿ ಬೇರೆಯವರ ಮೂಟೆ ಇದ್ರೆ?’

ನನ್ನ ಪಾಠಯೋಜನೆಯಲ್ಲಿ ಇಲ್ಲದಿದ್ದ, ಇರಬೇಕಾಗಿದ್ದ ಪ್ರಶ್ನೆ ಅದು. ಫ್ರೀ ಮಾಡಿದ ಜಾಗಕ್ಕೆ ಬೇರೆ ದತ್ತಾಂಶ ಬಂದು ಕೂತರೆ ಪ್ರೋಗ್ರಾಂ ನಿಲ್ಲದೆ ತಪ್ಪು ಉತ್ತರ ಕೊಡಬಹುದು. ಹೆಸರು ವಸ್ತುವಿನ ಬಗೆಯನ್ನು ಕಾಯುತ್ತದೆ, ಅದರ ಆಯುಷ್ಯವನ್ನಲ್ಲ. ಆಯುಷ್ಯ ಕಾಯುವುದು ಕೊಡುವ ಮಾಡ್ಯೂಲಿನ ಹೊಣೆ: ಪ್ರೋಗ್ರಾಂ ಮುಗಿಯುವವರೆಗೆ ಉಳಿಯುವ ಮೆಮೊರಿಯನ್ನೇ ಕೊಡಬೇಕು, ಇಲ್ಲವೇ ಕ್ಯಾಪ್ಸೂಲ್ ಇರುವವರೆಗೆ ಅದನ್ನು ಉಳಿಸಿ ಡಿಸ್ಟ್ರಕ್ಟರಿನಲ್ಲಿ ಬಿಡುಗಡೆ ಮಾಡಬೇಕು.

ಹಾಗಾದರೆ ಕೊಳ್ಳುವವರು ಮೂಟೆಯ ಒಡೆತನವನ್ನೇ ಪಡೆದಿದ್ದರೆ? ಆಗ ಡಿಸ್ಟ್ರಕ್ಟರೂ ಫ್ರೀ ಮಾಡಿದರೆ ಒಂದೇ ಮೆಮೊರಿ ಎರಡು ಬಾರಿ ಫ್ರೀ ಆಗುತ್ತದೆ. ಟೆನ್ಸರ್ ಹಂಚಿಕೊಳ್ಳುವ ಡಿಎಲ್‌ಪ್ಯಾಕ್ ಪದ್ಧತಿಯಲ್ಲಿ ಇದಕ್ಕೆ ಸರಳ ಉಪಾಯವಿದೆ. ಪಡೆದವರು ಕ್ಯಾಪ್ಸೂಲಿನ ಹೆಸರನ್ನು ‘ಡಿಎಲ್‌ಟೆನ್ಸರ್’ ಇಂದ ‘ಯೂಸ್ಡ್_ಡಿಎಲ್‌ಟೆನ್ಸರ್’ ಎಂದು ಬದಲಿಸುತ್ತಾರೆ. ಬದಲಾದ ಹೆಸರು ಕಂಡರೆ ಡಿಸ್ಟ್ರಕ್ಟರ್ ಅದನ್ನು ಮುಟ್ಟುವುದಿಲ್ಲ. ನಾವು ಚೀಟಿಯ ಮೇಲೆ ‘ಸ್ವೀಕರಿಸಿದೆ’ ಎಂದು ಬರೆದು ಈ ಸುತ್ತನ್ನೂ ಆಡಿದೆವು.

ಕಲಿತದ್ದು

ಚಾಮರಾಜನಗರದಲ್ಲಿ ಕೇಳಿದ ಪ್ರಶ್ನೆಯನ್ನೇ ಕೊನೆಗೆ ಕೇಳಿದಾಗ ‘ಚೀಟಿ ಇರುತ್ತೆ, ಮೂಟೆ ಇರಲ್ಲ’ ಎಂಬ ಉತ್ತರ ಬಂತು. ಈಗ ಯಾವ ದೃಷ್ಟಾಂತ ಆರಿಸಿದರೂ ಪಾಠಯೋಜನೆಯ ಅಂಚಿನಲ್ಲಿ ಒಂದು ಸಾಲು ಬರೆದುಕೊಳ್ಳುತ್ತೇನೆ: ಇದು ಎಲ್ಲಿ ಹೊಂದುವುದಿಲ್ಲ? ತಲೆದೂಗುವುದನ್ನು ಕಲಿಕೆಯೆಂದು ಎಣಿಸದೆ, ಆ ಹೊಂದದ ಜಾಗದಲ್ಲೇ ಮೌಲ್ಯಮಾಪನದ ಪ್ರಶ್ನೆ ಇಡುತ್ತೇನೆ. ಸಹಪ್ರಶಿಕ್ಷಣಾರ್ಥಿಗಳೂ ತಮ್ಮ ಮುಂದಿನ ಪಾಠದಲ್ಲಿ ಇದನ್ನು ಮಾಡಿನೋಡಬಹುದು.