ಸಲಹೆಯ ಬೆಲೆ ಎಷ್ಟು?
ಉದ್ಯೋಗದ ವಿವಾದವೂ ಸಂಭಾವ್ಯತೆಯ ಗಣಿತವೂ

ಕಳೆದ ತಿಂಗಳು ಒಂದು ಸಂಜೆ, ಪ್ರಯೋಗಶಾಲೆಗೆ ಬೀಗ ಹಾಕುವ ಹೊತ್ತಿಗೆ, ಅಲ್ಲಿಯ ಸಹಾಯಕರು ನಮ್ಮ ಬಳಿಗೆ ಬಂದು ನಿಂತರು. ಅವರ ಭಾವಮೈದುನ ಖಾಸಗಿ ಮುದ್ರಣಾಲಯವೊಂದರಲ್ಲಿ ಹತ್ತು ವರ್ಷ ದುಡಿದು ಕೆಲಸ ಬಿಟ್ಟವರು. ಬಿಡುವಾಗ ಬರಬೇಕಾಗಿದ್ದ ಗ್ರಾಚ್ಯುಟಿಯನ್ನು ಮಾಲಿಕರು ಕೊಡಲಿಲ್ಲ. “ನಲವತ್ತು ಸಾವಿರ ಕೊಡುತ್ತೇವೆ, ಇನ್ನೇನೂ ಬಾಕಿಯಿಲ್ಲವೆಂದು ಸಹಿ ಹಾಕು” ಎಂದರಂತೆ. ಮನೆಯಲ್ಲಿ ಮಗಳ ಕಾಲೇಜಿನ ಶುಲ್ಕ ಕಟ್ಟುವ ದಿನ ಹತ್ತಿರವಾಗಿತ್ತು. “ಕಾಗದ ನೋಡಿ ಸಲಹೆ ಹೇಳುವುದಕ್ಕೇ ವಕೀಲರಿಗೆ ಮೂರು ಸಾವಿರ ಆಗುತ್ತದಂತೆ ಸಾರ್. ಬರೀ ಮಾತಿಗೆ ಅಷ್ಟು ಕೊಡಬೇಕೆ?” ಎಂಬುದು ಸಹಾಯಕರ ಪ್ರಶ್ನೆ.

ಇದು ಭೌತಶಾಸ್ತ್ರದ ಅಧ್ಯಾಪಕರನ್ನು ಕೇಳತಕ್ಕ ಪ್ರಶ್ನೆಯೆ ಎಂದು ವಾಚಕರು ಅಚ್ಚರಿಪಡಬಹುದು. ಕಾನೂನಿನ ವಿಷಯದಲ್ಲಿ ತೀರ್ಪು ಹೇಳುವ ಅರ್ಹತೆ ನಮಗಿಲ್ಲ. ಆದರೆ ಒಂದು ತಿಳಿವಳಿಕೆಗೆ ಎಷ್ಟು ಹಣ ತೆರಬಹುದು ಎಂಬುದು ಅಳತೆಯ ಪ್ರಶ್ನೆ. ಅಳತೆಯೋ, ನಮ್ಮ ನಿತ್ಯದ ಕಸುಬು.

ವಿವಾದದ ಸ್ವರೂಪ

ಮೊದಲು ವಿವಾದವನ್ನು ತಿಳಿಯೋಣ. ಐದು ವರ್ಷಕ್ಕೆ ಕಡಿಮೆಯಿಲ್ಲದೆ ಎಡೆಬಿಡದ ಸೇವೆ ಸಲ್ಲಿಸಿದವರಿಗೆ, ಅವರು ತಾವಾಗಿಯೇ ರಾಜೀನಾಮೆ ಕೊಟ್ಟಿದ್ದರೂ, ಗ್ರಾಚ್ಯುಟಿ ಸಲ್ಲಬೇಕು. ಸೇವೆಯ ಪ್ರತಿಯೊಂದು ವರ್ಷಕ್ಕೂ ಹದಿನೈದು ದಿನಗಳ ವೇತನವನ್ನು ಲೆಕ್ಕ ಹಿಡಿಯುತ್ತಾರೆ. ತಿಂಗಳ ವೇತನವನ್ನು 26ರಿಂದ ಭಾಗಿಸಿದರೆ ಒಂದು ದಿನದ ವೇತನ ಬರುತ್ತದೆ. 1972ರ ಕಾಯಿದೆಯ ಈ ಲೆಕ್ಕ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಹಾಗೆಯೇ ಇದೆ. ನಮ್ಮ ಕಾರ್ಮಿಕರ ಕೊನೆಯ ವೇತನ 26,000 ರೂಪಾಯಿ. ದಿನಕ್ಕೆ 1,000 ರೂ., ಹದಿನೈದು ದಿನಕ್ಕೆ 15,000 ರೂ., ಹತ್ತು ವರ್ಷಕ್ಕೆ 1,50,000 ರೂಪಾಯಿ.

ಮಾಲಿಕರ ವಾದ ಬೇರೆ. ನಡುವೆ ಕಾಲು ಮುರಿದು ಈತ ಒಂದು ವರ್ಷ ಕೆಲಸಕ್ಕೆ ಬಂದಿರಲಿಲ್ಲ. ಆಗ ಸೇವೆ ಕಡಿದುಹೋಯಿತು. ಅದಕ್ಕೆ ಮೊದಲು ನಾಲ್ಕೂವರೆ ವರ್ಷ, ಅನಂತರ ನಾಲ್ಕೂವರೆ ವರ್ಷ. ಎರಡೂ ಐದಕ್ಕೆ ಕಡಿಮೆ ಎನ್ನುತ್ತಾರೆ. ಕಾನೂನಾದರೋ, ಕಾಯಿಲೆ, ಅಪಘಾತ, ರಜೆ ಮುಂತಾದ ಕಾರಣಗಳಿಂದ ನಡುವೆ ನಿಂತ ಸೇವೆಯನ್ನೂ ಎಡೆಬಿಡದ ಸೇವೆಯೆಂದೇ ಎಣಿಸುತ್ತದೆ. ಆದುದರಿಂದ ಎಲ್ಲವೂ ಆ ಒಂದು ವರ್ಷದ ಕಾಗದಪತ್ರಗಳ ಮೇಲೆ ನಿಂತಿದೆ. ಆಸ್ಪತ್ರೆಯ ಚೀಟಿ, ರಜೆಯ ಅರ್ಜಿ, ಹಾಜರಿ ಪುಸ್ತಕ ಏನನ್ನು ತೋರಿಸುತ್ತವೆ? ಅವನ್ನು ಓದಿ ಬೆಲೆ ಕಟ್ಟುವುದು ವಕೀಲರ ವಿದ್ಯೆ.

ಸಲಹೆಯಿಲ್ಲದ ಲೆಕ್ಕ

1654ರಲ್ಲಿ ಫ್ರಾನ್ಸಿನ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಪತ್ರಗಳ ಮೂಲಕ ಒಂದು ಸಮಸ್ಯೆಯನ್ನು ಚರ್ಚಿಸಿದರು. ಅರ್ಧಕ್ಕೆ ನಿಂತ ಜೂಜಿನಲ್ಲಿ ಪಣದ ಹಣವನ್ನು ಆಟಗಾರರು ಹೇಗೆ ಹಂಚಿಕೊಳ್ಳಬೇಕು ಎಂಬುದೇ ಆ ಸಮಸ್ಯೆ. ಅದರಿಂದ ಹುಟ್ಟಿದ ಕಲ್ಪನೆಗೆ ನಿರೀಕ್ಷಿತ ಮೌಲ್ಯ ಎಂದು ಹೆಸರು. ದೊರೆಯಬಹುದಾದ ಮೊತ್ತವನ್ನು ಅದು ದೊರೆಯುವ ಸಂಭಾವ್ಯತೆಯಿಂದ ಗುಣಿಸಿದರೆ ನಿರೀಕ್ಷಿತ ಮೌಲ್ಯ ಬರುತ್ತದೆ.

ಇದನ್ನು ನಮ್ಮ ವಿವಾದಕ್ಕೆ ಅನ್ವಯಿಸೋಣ. ಸಹಿ ಹಾಕಿದರೆ 40,000 ರೂ. ಖಚಿತ. ಹಾಗೆ ಸಹಿ ಹಾಕಿದ ಮಾತ್ರಕ್ಕೆ ಹಕ್ಕಿನ ಬಾಗಿಲು ನಿಜವಾಗಿಯೂ ಮುಚ್ಚುತ್ತದೆಯೆ ಎಂಬುದೂ ವಕೀಲರನ್ನು ಕೇಳತಕ್ಕ ಪ್ರಶ್ನೆಯೇ. ಲೆಕ್ಕದ ಸರಳತೆಗಾಗಿ ಮುಚ್ಚುತ್ತದೆಂದು ಭಾವಿಸೋಣ. ಹೋರಾಡಿದರೆ ಓಡಾಟ, ಕಳೆದ ದಿನಗೂಲಿ, ಶುಲ್ಕ ಎಲ್ಲ ಸೇರಿ 20,000 ರೂ. ಖರ್ಚೆಂದು ಇಟ್ಟುಕೊಳ್ಳೋಣ. ಗೆದ್ದರೂ ಸೋತರೂ ಈ ಖರ್ಚು ತಪ್ಪದು. ಗೆದ್ದರೆ ಮಾತ್ರ ಪಾಲು ಎಂಬ ಒಪ್ಪಂದವನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆಯಾದ್ದರಿಂದ, ಸೋಲಿನ ಭಾರ ಕಕ್ಷಿದಾರನ ತಲೆಯ ಮೇಲೆಯೇ ಇರುತ್ತದೆ.

ಕಾಗದಗಳು ಬಲವಾಗಿದ್ದರೆ ಗೆಲುವಿನ ಸಂಭಾವ್ಯತೆ 0.8, ದುರ್ಬಲವಾಗಿದ್ದರೆ 0.1 ಎನ್ನೋಣ. ಇವು ನಾವು ಊಹಿಸಿಕೊಂಡ ಸಂಖ್ಯೆಗಳು. ಬಲವೋ ದುರ್ಬಲವೋ ನಮಗೆ ತಿಳಿಯದು. ಎರಡಕ್ಕೂ ಸಮಾನ ಅವಕಾಶ ಕೊಡೋಣ. ಆಗ ಒಟ್ಟು ಸಂಭಾವ್ಯತೆ ಇವುಗಳ ಸರಾಸರಿ, ಅಂದರೆ 0.45.

ಹೋರಾಟದ ಮೌಲ್ಯ: 0.45 × 1,50,000 − 20,000 = 47,500 ರೂ.

ಇದು 40,000ಕ್ಕಿಂತ ಸ್ವಲ್ಪವೇ ಹೆಚ್ಚು. ಅಂದರೆ, ಕತ್ತಲೆಯಲ್ಲಿ ಆಯ್ಕೆ ಮಾಡಬೇಕಾದವನು ಹೋರಾಡಬಹುದು. ಆದರೆ ತಕ್ಕಡಿ ಹೆಚ್ಚು ಕಡಿಮೆ ಸಮವಾಗಿಯೇ ನಿಂತಿದೆ.

ಸಲಹೆ ಪಡೆದ ಮೇಲೆ

ಈಗ ವಕೀಲರು ಕಾಗದ ನೋಡಿ ಬಲಾಬಲವನ್ನು ತಪ್ಪಿಲ್ಲದೆ ಹೇಳಿದರೆನ್ನೋಣ. ಬಲವಾಗಿದ್ದರೆ ಹೋರಾಟ, ಅದರ ಮೌಲ್ಯ 0.8 × 1,50,000 − 20,000 = 1,00,000 ರೂ. ದುರ್ಬಲವಾಗಿದ್ದರೆ ಹೋರಾಟದ ಮೌಲ್ಯ ಸೊನ್ನೆಗಿಂತಲೂ 5,000 ಕಡಿಮೆ. ಆಗ ಸಹಿ ಹಾಕಿ 40,000 ಪಡೆಯುವುದೇ ಜಾಣತನ. ಎರಡರ ಸರಾಸರಿ 70,000 ರೂ.

ಸಲಹೆಯ ಬೆಲೆ: 70,000 − 47,500 = 22,500 ರೂ.

ಮೂರು ಸಾವಿರ ಇದರ ಮುಂದೆ ಅಲ್ಪ. ವಕೀಲರೂ ಮನುಷ್ಯರೇ, ಹತ್ತು ಸಲಕ್ಕೆ ಎರಡು ಸಲ ಅವರ ಅಂದಾಜು ತಪ್ಪುವುದೆಂದು ಹಿಡಿದರೆ ಸಲಹೆಯ ಬೆಲೆ 12,000ಕ್ಕೆ ಇಳಿಯುತ್ತದೆ. ಆದರೂ ಲಾಭವೇ.

ಈ ಬೆಲೆ ಎಲ್ಲಿಂದ ಬಂತೆಂಬುದನ್ನು ವಿದ್ಯಾರ್ಥಿಗಳು ಮನಗಾಣಬೇಕು. ಸಲಹೆಯಿಂದ ಕಾಗದಗಳು ಬಲವಾಗಲಿಲ್ಲ. ಬಲಹೀನವಾದಾಗ ಹೋರಾಟವನ್ನು ಬಿಡಿಸಿತು, ಅಷ್ಟೆ. ತಿಳಿವಳಿಕೆಯ ಬೆಲೆಯಿರುವುದು ಅದು ನಮ್ಮ ನಿರ್ಧಾರವನ್ನು ಬದಲಾಯಿಸಬಲ್ಲ ಶಕ್ತಿಯಲ್ಲಿ. 230 ವೋಲ್ಟಿನಲ್ಲಿ ನಡೆಯುವ 1,000 ವ್ಯಾಟಿನ ಒಲೆ ಸುಮಾರು 4.35 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತದೆ. 15 ಆಂಪಿಯರಿನ ಫ್ಯೂಸು ಸಾಕೆ ಎಂಬುದಷ್ಟೇ ನಮ್ಮ ಪ್ರಶ್ನೆಯಾದರೆ, ಐದನೆಯ ದಶಾಂಶದವರೆಗೆ ಅಳೆಯುವ ಮೀಟರನ್ನು ಕೊಳ್ಳುವುದು ವ್ಯರ್ಥ. ಅದು ಏನನ್ನೇ ತೋರಿಸಲಿ, ನಾವು ಹಾಕುವ ಫ್ಯೂಸು ಅದೇ.

ಹಾಗೆಯೇ ಮಾಲಿಕರು 1,10,000 ರೂ. ಕೊಡಲು ಮುಂದೆ ಬಂದಿದ್ದರೆ? ಕಾಗದ ಬಲವಾಗಿದ್ದರೂ ಹೋರಾಟದ ಮೌಲ್ಯ 1,00,000 ಮಾತ್ರ. ವಕೀಲರು ಏನು ಹೇಳಿದರೂ ಸಹಿಯೇ ಮೇಲು. ಆಗ, ನಿರ್ಧಾರದ ಮಟ್ಟಿಗೆ, ಸಲಹೆಯ ಬೆಲೆ ಸೊನ್ನೆ.

ಲೆಕ್ಕದ ಎಲ್ಲೆಗಳು

ಇಲ್ಲಿಗೆ ಮಾತು ಮುಗಿಯಲಿಲ್ಲ. ರೂಪಾಯಿಯ ತೂಕ ಎಲ್ಲರ ಕೈಯಲ್ಲಿಯೂ ಒಂದೇ ಅಲ್ಲವೆಂದು ಡೇನಿಯಲ್ ಬರ್ನೂಲಿ 1738ರಲ್ಲಿ ತೋರಿಸಿದನು. ದ್ರವಗಳ ಚಲನೆಯ ಪಾಠದಲ್ಲಿ ನಾವು ಓದುವ ಬರ್ನೂಲಿಯೇ ಈತ. ಇದ್ದವನಿಗೆ ಇನ್ನೊಂದು ಸಾವಿರ ಹಗುರ, ಇಲ್ಲದವನಿಗೆ ಅದೇ ಸಾವಿರ ಭಾರ. ಮಗಳ ಶುಲ್ಕ ನಾಳೆಯೇ ಕಟ್ಟಬೇಕಾದವನು ಖಚಿತವಾದ 40,000ವನ್ನು ಅಪ್ಪಿಕೊಂಡರೆ ಅವನನ್ನು ಅವಿವೇಕಿಯೆನ್ನಲಾಗದು. ಹತ್ತು ವರ್ಷ ದುಡಿದವನ ಮಾನಕ್ಕೂ ನಮ್ಮ ಸಮೀಕರಣದಲ್ಲಿ ಜಾಗವಿಲ್ಲ. ಅವೆಲ್ಲವನ್ನೂ ಅವರವರೇ ತೂಗಿಕೊಳ್ಳಬೇಕು.

ಲೆಕ್ಕ ಹಾಕುವ ಮೊದಲು ನೋಡತಕ್ಕ ಇನ್ನೊಂದು ಸಂಗತಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಂತೆ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ, ಕೈಗಾರಿಕಾ ಕಾರ್ಮಿಕರಿಗೂ ಉಚಿತ ಕಾನೂನು ನೆರವಿನ ಹಕ್ಕುಂಟು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು. 15100 ಸಂಖ್ಯೆಗೆ ದೂರವಾಣಿಯನ್ನೂ ಮಾಡಬಹುದು. ಮುದ್ರಣಾಲಯದ ಕೆಲಸಗಾರರು ಕೈಗಾರಿಕಾ ಕಾರ್ಮಿಕರೇ ತಾನೆ! ಹಾಗಾದರೆ ಮೂರು ಸಾವಿರದ ಜಾಗದಲ್ಲಿ ಒಂದು ದಿನದ ಕೂಲಿ, ಬಸ್ಸಿನ ಚೀಟಿ ಇಷ್ಟೇ ಬೆಲೆ.

ಸಹಾಯಕರ ಭಾವಮೈದುನ ಹಾಗೆಯೇ ಮಾಡಿದರು. ಆಸ್ಪತ್ರೆಯ ಚೀಟಿಯೂ, ಮುದ್ರಣಾಲಯದ ಮೊಹರು ಬಿದ್ದ ರಜೆಯ ಅರ್ಜಿಯೂ ಹಳೆಯ ಪೆಟ್ಟಿಗೆಯಲ್ಲಿ ದೊರೆತವು. ಅವನ್ನು ನೋಡಿದ ವಕೀಲರು ಅರ್ಜಿ ಹಾಕುವುದು ಲೇಸೆಂದರು. ಮಗಳ ಶುಲ್ಕವನ್ನು ಸದ್ಯಕ್ಕೆ ಸಹಾಯಕರೇ ಕಟ್ಟಿದ್ದಾರೆ. ತೀರ್ಮಾನ ಇನ್ನೂ ಬಂದಿಲ್ಲ. 0.8 ಎಂದರೆ ಐದರಲ್ಲಿ ಒಂದು ಸಲ ಸೋಲೂ ಉಂಟು. ಒಂದು ವೇಳೆ ಸೋತರೂ ಸಲಹೆ ಕೇಳಿದ್ದು ತಪ್ಪೆನಿಸದು. ನಿರ್ಧಾರದ ಗುಣವನ್ನು, ಅದನ್ನು ಕೈಗೊಂಡ ದಿನ ತಿಳಿದಿದ್ದ ಸಂಗತಿಗಳಿಂದ ಅಳೆಯಬೇಕೇ ಹೊರತು ಅನಂತರ ಬಿದ್ದ ಫಲದಿಂದಲ್ಲ.

ಅಭ್ಯಾಸ: ಮಾಲಿಕರು ಏನನ್ನೂ ಕೊಡುವುದಿಲ್ಲವೆಂದಿದ್ದರೆ, ತಪ್ಪಿಲ್ಲದ ಸಲಹೆಯ ಬೆಲೆ ಎಷ್ಟು? ಅದಕ್ಕೆ 3,000 ರೂ. ತೆರಬಹುದೆ? (ಉತ್ತರ: 2,500 ರೂ.; ತೆರಬಾರದು. ಏಕೆಂಬುದನ್ನು ವಾಚಕರೇ ವಿಚಾರ ಮಾಡಲಿ.)