ದೂರಯಾನದ ವಿಮಾನಗಳ ರದ್ದತಿ ಮತ್ತು ಬದಲಿ ವಿಮಾನಗಳ ಕೊರತೆ

ಯಾದಗಿರಿ, ಶಹಾಪುರ, ಸುರಪುರ ಭಾಗದ ಹತ್ತಿ, ಅಕ್ಕಿ, ತೊಗರಿ ಮುಂತಾದ ಸರಕು ಲಾರಿ, ರೈಲು, ಹಡಗುಗಳ ಮೂಲಕವೇ ಸಾಗುತ್ತದೆ. ಹೀಗಾಗಿ ವಿಮಾನಯಾನದ ಏರುಪೇರು ಈ ಭಾಗದ ವರ್ತಕರಿಗೆ ಸಂಬಂಧಿಸಿದ್ದಲ್ಲವೆಂಬ ಭಾವನೆ ಸಹಜ. ಆದರೆ ಮೆಣಸಿನಕಾಯಿಯ ಮಾದರಿ ವಿದೇಶದ ಖರೀದಿದಾರನಿಗೆ ಬೇಗ ತಲುಪಬೇಕಾದಾಗ, ಕಡೇಚೂರು ಕೈಗಾರಿಕಾ ಪ್ರದೇಶದ ಔಷಧ ಘಟಕವು ಪರೀಕ್ಷೆಗೆ ಪುಡಿ ಕಳುಹಿಸಬೇಕಾದಾಗ, ಹಂಗಾಮಿನ ನಡುವೆ ಗಿರಣಿಯ ಯಂತ್ರ ಕೆಟ್ಟು ಹೊರದೇಶದಿಂದ ಬಿಡಿಭಾಗ ಬರಬೇಕಾದಾಗ ಹೈದರಾಬಾದ್ ಇಲ್ಲವೇ ಬೆಂಗಳೂರಿನ ವಿಮಾನ ನಿಲ್ದಾಣವೇ ಆಧಾರ. ಜಗತ್ತಿನ ವಿಮಾನ ಸರಕಿನ ಸುಮಾರು ಅರ್ಧದಷ್ಟು ಪ್ರಯಾಣಿಕರ ವಿಮಾನಗಳ ಕೆಳಭಾಗದ ಉಗ್ರಾಣದಲ್ಲಿಯೇ ಸಾಗುತ್ತದೆ. ಆದ್ದರಿಂದ ಪ್ರಯಾಣಿಕರ ಹಾರಾಟ ರದ್ದಾದರೆ ಸರಕೂ ನಿಲ್ಲುತ್ತದೆ.

ಒಂದು ವಿಮಾನ ನಿಂತರೆ

ಬಸ್ಸು ಕೆಟ್ಟರೆ ಡಿಪೋದಿಂದ ಬದಲಿ ಬಸ್ಸು ಬರುತ್ತದೆ. ದೂರಯಾನದಲ್ಲಿ ಇದು ಸುಲಭವಲ್ಲ. ಬೆಂಗಳೂರು-ಲಂಡನ್ ಹಾರಾಟಕ್ಕೆ ಒಂದು ದಿಕ್ಕಿಗೆ ಸುಮಾರು 10 ಗಂಟೆ ಬೇಕು. ಹೋಗಿಬರುವ 20 ಗಂಟೆಗೆ ಎರಡೂ ಕಡೆ ಇಂಧನ, ಶುಚಿತ್ವ, ತಪಾಸಣೆಯ ವೇಳೆ ಸೇರಿದರೆ ದಿನವೇ ಮುಗಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಆರಂಭಿಸಿದ ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೋ ಮಾರ್ಗ ಸುಮಾರು 14,000 ಕಿ.ಮೀ. ಉದ್ದದ್ದು. ಅಂತಹ ಮಾರ್ಗದಲ್ಲಿ ನಿತ್ಯ ಸೇವೆಗೆ ಕನಿಷ್ಠ ಎರಡು ವಿಮಾನ ಬೇಕು. ಒಂದು ನಿಂತರೆ ಅರ್ಧ ಸೇವೆ ಹೋದಂತೆ. ನೂರಾರು ಕೋಟಿ ರೂಪಾಯಿ ಬೆಲೆಯ ವಿಮಾನವನ್ನು ಆಪತ್ತಿಗೆಂದು ಸುಮ್ಮನೆ ನಿಲ್ಲಿಸಿಕೊಳ್ಳುವುದು ಕಂಪನಿಗೆ ಭಾರ. ನಿಲ್ಲಿಸಿಕೊಳ್ಳದಿದ್ದರೆ ಗ್ರಾಹಕನಿಗೆ ನಷ್ಟ.

2025ರ ಅನುಭವ

2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿತು. ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ಹಾರಾಟಗಳು ಸುತ್ತುಬಳಸಬೇಕಾಗಿ, ಇದ್ದ ವಿಮಾನಗಳಿಂದಲೇ ದೊರೆಯುತ್ತಿದ್ದ ಸೇವೆ ಕುಗ್ಗಿತು. ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾದ ಬೋಯಿಂಗ್ 787 ವಿಮಾನ ಪತನಗೊಂಡು 260 ಜನ ಮೃತಪಟ್ಟರು. ಅಂದಿನಿಂದ ಜೂನ್ 17ರವರೆಗೆ ಆ ಸಂಸ್ಥೆಯ 83 ದೊಡ್ಡ ವಿಮಾನಗಳ ಹಾರಾಟ ರದ್ದಾಯಿತು. ಅವುಗಳಲ್ಲಿ 66 ಬೋಯಿಂಗ್ 787 ವಿಮಾನಗಳದ್ದು. ನಂತರ ಸಂಸ್ಥೆಯು ದೊಡ್ಡ ವಿಮಾನಗಳ ಅಂತರರಾಷ್ಟ್ರೀಯ ಸೇವೆಯನ್ನು ಶೇ. 15ರಷ್ಟು ತಗ್ಗಿಸಿತು. ಮೀಸಲು ವಿಮಾನಗಳ ಲಭ್ಯತೆಯನ್ನು ಹೆಚ್ಚಿಸಿಕೊಳ್ಳುವುದೂ ಅದರ ಉದ್ದೇಶವಾಗಿತ್ತು. ವಾರಕ್ಕೆ 7 ಇದ್ದ ಬೆಂಗಳೂರು-ಲಂಡನ್ ಸೇವೆ ಆಗ 6ಕ್ಕೆ ಇಳಿಯಿತು. 26 ಬೋಯಿಂಗ್ 787-8 ವಿಮಾನಗಳ ನವೀಕರಣ ಆರಂಭವಾದುದರಿಂದ ದೆಹಲಿ-ವಾಷಿಂಗ್ಟನ್ ಸೇವೆಯೂ ಸೆಪ್ಟೆಂಬರ್ 1ರಿಂದ ನಿಂತಿತು.

ಹೊಸ ವಿಮಾನ ಕೊಳ್ಳುವುದೂ ತಕ್ಷಣದ ಪರಿಹಾರವಲ್ಲ. ಏರ್ ಇಂಡಿಯಾ 2023ರಲ್ಲಿ 470 ವಿಮಾನಗಳ ಖರೀದಿಯನ್ನು ಪ್ರಕಟಿಸಿತು. ಆದರೆ ಅದರಲ್ಲಿ ಸೇರಿದ್ದ ಬೋಯಿಂಗ್ 777ಎಕ್ಸ್ ಮಾದರಿಯ ಮೊದಲ ಪೂರೈಕೆ 2020ರಿಂದ ಮುಂದೂಡುತ್ತ ಬಂದು 2027ಕ್ಕೆ ಹೋಗಿರುವುದಾಗಿ ತಯಾರಕರು 2025ರಲ್ಲಿ ತಿಳಿಸಿದರು.

ಕಾನೂನಿನ ರಕ್ಷಣೆ ಎಷ್ಟು?

ಸರಕಿನ ಅಂತರರಾಷ್ಟ್ರೀಯ ವಿಮಾನ ಸಾಗಾಟಕ್ಕೆ 1999ರ ಮಾಂಟ್ರಿಯಲ್ ಒಡಂಬಡಿಕೆ ಮುಖ್ಯ ಆಧಾರ. ಭಾರತ 2009ರಲ್ಲಿ ಇದಕ್ಕೆ ಸೇರಿತು. ಇದರಡಿ ವಿಳಂಬದ ನಷ್ಟಕ್ಕೆ ಸಾಗಣೆದಾರನು ಹೊಣೆ. ಆದರೆ ಸಾಧ್ಯವಿದ್ದ ಎಲ್ಲ ಸಮಂಜಸ ಕ್ರಮ ಕೈಗೊಂಡುದನ್ನು ತೋರಿಸಿದರೆ ಹೊಣೆಯಿಂದ ಮುಕ್ತನು. ಪರಿಹಾರಕ್ಕೂ ಮಿತಿಯುಂಟು. ಒಡಂಬಡಿಕೆಯಲ್ಲಿ 2024ರ ಡಿಸೆಂಬರ್ 28ರಿಂದ ಈ ಮಿತಿ ಕಿಲೋ ಒಂದಕ್ಕೆ 26 ಎಸ್‌ಡಿಆರ್. ಅದರಂತೆ 5 ಕಿಲೋ ತೂಕದ ಬಿಡಿಭಾಗಕ್ಕೆ 130 ಎಸ್‌ಡಿಆರ್, ಎಂದರೆ ಹದಿನೈದು ಸಾವಿರ ರೂಪಾಯಿಗಳ ಆಸುಪಾಸು. ಬಿಡಿಭಾಗದ ಬೆಲೆ ಎರಡು ಲಕ್ಷವಿದ್ದರೂ, ಅದಿಲ್ಲದೆ ಗಿರಣಿ ವಾರ ನಿಂತರೂ ಮಿತಿ ಅಷ್ಟೇ. ಸಾಮಾನ್ಯ ಸಾಗಣೆ ವಿಮೆಯೂ ವಿಳಂಬದಿಂದಾದ ನಷ್ಟವನ್ನು ಭರಿಸುವುದಿಲ್ಲ.

ಕೈಗೊಳ್ಳಬೇಕಾದ ಕ್ರಮಗಳು

1. ಸರಕು ಪ್ರಯಾಣಿಕರ ವಿಮಾನದಲ್ಲಿ ಹೋಗುವುದೋ ಸರಕು ವಿಮಾನದಲ್ಲೋ, ಆ ಮಾರ್ಗದಲ್ಲಿ ವಾರಕ್ಕೆ ಎಷ್ಟು ಹಾರಾಟಗಳಿವೆ ಎಂಬುದನ್ನು ಏಜೆಂಟರಿಂದ ಮೊದಲೇ ತಿಳಿಯಬೇಕು. ವಾರಕ್ಕೆ ಮೂರೇ ಹಾರಾಟವಿದ್ದಲ್ಲಿ ಒಂದು ರದ್ದಾದರೆ ಎರಡು ಮೂರು ದಿನ ಕಾಯಬೇಕಾಗುತ್ತದೆ.

2. ಸಾಲಪತ್ರದ, ಅಂದರೆ ಎಲ್.ಸಿ.ಯ, ಕೊನೆಯ ಸಾಗಣೆ ದಿನಾಂಕಕ್ಕೆ ಮುಂಚೆ ಕನಿಷ್ಠ ಒಂದು ವಾರದ ಅವಕಾಶವಿರಬೇಕು. ವಿಮಾನ ರದ್ದಾಯಿತೆಂಬ ಕಾರಣಕ್ಕೆ ಬ್ಯಾಂಕು ದಿನಾಂಕವನ್ನು ತಾನಾಗಿ ವಿಸ್ತರಿಸುವುದಿಲ್ಲ. ಖರೀದಿದಾರನಿಂದ ತಿದ್ದುಪಡಿ ಪಡೆಯಬೇಕು.

3. ಬೆಲೆಬಾಳುವ ಹಗುರ ವಸ್ತುವನ್ನು ಒಪ್ಪಿಸುವಾಗಲೇ ವಿಶೇಷ ಘೋಷಣೆ ಮಾಡಿ, ಹೆಚ್ಚುವರಿ ಶುಲ್ಕವಿದ್ದರೆ ತೆತ್ತು, ಹೊಣೆಯ ಮಿತಿಯನ್ನು ಏರಿಸಿಕೊಳ್ಳಬಹುದು.

4. ಸರಕು ಕೆಟ್ಟು ಬಂದರೆ 14 ದಿನ, ತಡವಾಗಿ ಬಂದರೆ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ದಾವೆಗೆ ಎರಡು ವರ್ಷಗಳ ಅವಧಿಯುಂಟು.

5. ಯಂತ್ರ ನಿಂತರೆ ಗಿರಣಿಯೇ ನಿಲ್ಲುವಂತಹ ನಾಲ್ಕೈದು ಬಿಡಿಭಾಗಗಳನ್ನು ಗುರುತಿಸಿ, ಹಂಗಾಮಿಗೆ ಮುನ್ನ ತರಿಸಿಡಬೇಕು. ಒಬ್ಬರಿಗೆ ಭಾರವೆನಿಸಿದರೆ ಒಂದೇ ಮಾದರಿಯ ಯಂತ್ರವುಳ್ಳ ಕೆಲವು ಗಿರಣಿಯವರು ಕೂಡಿ ಒಂದು ದಾಸ್ತಾನು ಇಡಬಹುದು.

ವಿಮಾನ ಕಂಪನಿಯು ಮೀಸಲು ವಿಮಾನ ಇಡುವುದೋ ಬಿಡುವುದೋ ವ್ಯಾಪಾರಸ್ಥನ ಕೈಯಲ್ಲಿಲ್ಲ. ತನ್ನ ಉಗ್ರಾಣದಲ್ಲಿ ಮೀಸಲು ಬಿಡಿಭಾಗ, ಕರಾರಿನಲ್ಲಿ ಮೀಸಲು ದಿನಗಳನ್ನು ಇಟ್ಟುಕೊಳ್ಳುವುದು ಮಾತ್ರ ಅವನ ಕೈಯಲ್ಲಿದೆ. ಹಂಗಾಮು ಆರಂಭವಾಗುವ ಮುನ್ನವೇ ಈ ಲೆಕ್ಕ ಹಾಕಿಕೊಳ್ಳುವುದು ಹಿತಕರ.