ಔಷಧಾನೇ ಇಲ್ಲದ ಇಂಜೆಕ್ಷನ್: ಬಯೋಸ್ಟ್ಯಾಟಿಸ್ಟಿಕ್ಸ್‌ನ ಮೊದಲ ಪಾಠ

ಬಯೋಸ್ಟ್ಯಾಟಿಸ್ಟಿಕ್ಸ್ ಅಂದ್ರೆ ಎಂಬಿಬಿಎಸ್, ನರ್ಸಿಂಗ್, ಫಾರ್ಮಸಿ ಓದೋರ ಸಬ್ಜೆಕ್ಟ್, ಇಂಜಿನಿಯರಿಂಗ್‌ನವರಿಗೆ ಯಾಕೆ ಅಂತ ನೀವು ಕೇಳಬಹುದು. ಆದರೆ ಅವರು ಓದೋದು ಬೇರೆ ಗಣಿತ ಏನಲ್ಲ. ಮೀನ್, ಸ್ಟ್ಯಾಂಡರ್ಡ್ ಡೀವಿಯೇಷನ್, ಬೈನಾಮಿಯಲ್, ಎಲ್ಲಾ ನಮ್ಮ ಮ್ಯಾಥ್ಸ್ ಪೇಪರ್‌ನಲ್ಲಿ ಬರೋದೇ. ವ್ಯತ್ಯಾಸ ಇರೋದು ಅಳೆಯುವ ವಸ್ತುವಿನಲ್ಲಿ. ಲ್ಯಾಬ್‌ನಲ್ಲಿ ಒಂದು ಸ್ಟೀಲ್ ರಾಡನ್ನು ಎಳೆದು ಮುರಿದರೆ, ಅದೇ ಬ್ಯಾಚ್‌ನ ಇನ್ನೊಂದು ರಾಡ್ ಕೂಡ ಹೆಚ್ಚುಕಮ್ಮಿ ಅಷ್ಟೇ ಲೋಡಿಗೆ ಮುರಿಯುತ್ತೆ. ಮನುಷ್ಯರು ಹಾಗಲ್ಲ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಕಾಯಿಲೆ ಬರುತ್ತೆ, ಇನ್ನೊಬ್ಬರಿಗೆ ಬರಲ್ಲ. ಹಾಗಿರುವಾಗ "ಈ ಔಷಧದಿಂದಲೇ ಗುಣ ಆಯ್ತು" ಅಂತ ಹೇಳೋದು ಹೇಗೆ? ಬಯೋಸ್ಟ್ಯಾಟಿಸ್ಟಿಕ್ಸ್ ಉತ್ತರ ಹುಡುಕೋದು ಇದಕ್ಕೇ.

ಡೆಫಿನಿಷನ್‌ಗಳನ್ನು ಪಟ್ಟಿ ಮಾಡೋ ಬದಲು ಒಂದೇ ಒಂದು ನಿಜವಾದ ಪ್ರಯೋಗವನ್ನು ಬಿಡಿಸಿ ನೋಡೋಣ. ಅದು 1954ರಲ್ಲಿ ಅಮೆರಿಕದಲ್ಲಿ ನಡೆದ ಪೋಲಿಯೊ ಲಸಿಕೆಯ ಪ್ರಯೋಗ. ನಾವು ಚಿಕ್ಕವರಿದ್ದಾಗ ಹಾಕಿಸಿಕೊಂಡ ಎರಡು ಹನಿ ಆಮೇಲೆ ಬಂದ ಬೇರೆ ಲಸಿಕೆ. ಇದು ಅದಕ್ಕೂ ಮುಂಚಿನದು, ಜೋನಾಸ್ ಸಾಲ್ಕ್ ತಯಾರಿಸಿದ ಇಂಜೆಕ್ಷನ್.

ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಬಾರದಾ?

ಆಗ ಅಮೆರಿಕದಲ್ಲಿ ಬೇಸಿಗೆ ಬಂತು ಅಂದ್ರೆ ಅಪ್ಪ ಅಮ್ಮಂದಿರಿಗೆ ಪೋಲಿಯೊ ಭಯ. ನಿನ್ನೆ ಓಡಾಡ್ತಿದ್ದ ಮಗು ಇವತ್ತು ಕಾಲು ಎತ್ತೋಕೆ ಆಗದೆ ಮಲಗಿಬಿಡ್ತಿತ್ತು. ಸಾಲ್ಕ್ ಲಸಿಕೆ ಸಿದ್ಧವಾದಾಗ ಸುಲಭದ ದಾರಿ ಒಂದಿತ್ತು: ಎಲ್ಲ ಮಕ್ಕಳಿಗೂ ಕೊಟ್ಟುಬಿಡೋದು, ಹೋದ ವರ್ಷಕ್ಕಿಂತ ಕೇಸ್ ಕಡಿಮೆ ಆಯ್ತಾ ಅಂತ ನೋಡೋದು.

ಇದರಲ್ಲಿ ತೊಂದರೆ ಏನು ಗೊತ್ತಾ? 1952ರಲ್ಲಿ ಆ ದೇಶದಲ್ಲಿ ಸುಮಾರು 58,000 ಪೋಲಿಯೊ ಕೇಸ್ ಬಂದಿದ್ದವು. 1953ರಲ್ಲಿ ಅದು ಸುಮಾರು 35,000ಕ್ಕೆ ಇಳೀತು. ಲಸಿಕೆ ಇನ್ನೂ ಬಂದೇ ಇರಲಿಲ್ಲ! ಯಾರಾದರೂ 1953ರ ಶುರುವಿನಲ್ಲಿ ಎಲ್ಲರಿಗೂ ಬರೀ ನೀರಿನ ಇಂಜೆಕ್ಷನ್ ಕೊಟ್ಟಿದ್ದರೂ "ನೋಡಿ, ಕಾಯಿಲೆ ಎಷ್ಟೊಂದು ಕಡಿಮೆ ಆಯ್ತು" ಅಂತ ಹೇಳಿಕೊಳ್ಳಬಹುದಿತ್ತು. ಅದಕ್ಕೇ ಅದೇ ವರ್ಷ, ಅದೇ ಊರುಗಳಲ್ಲಿ, ಲಸಿಕೆ ಸಿಗದ ಇನ್ನೊಂದು ಗುಂಪು ಬೇಕು. ಅದೇ ಕಂಟ್ರೋಲ್ ಗ್ರೂಪ್.

ಲಸಿಕೆ ಬೇಡ ಅಂದವರನ್ನೇ ಕಂಟ್ರೋಲ್ ಮಾಡಿದರೆ?

ಲಸಿಕೆ ಹಾಕಿಸೋಕೆ ತಂದೆತಾಯಿ ಒಪ್ಪಿಗೆ ಬೇಕಿತ್ತು. ತುಂಬಾ ಜನ ಒಪ್ಪಲಿಲ್ಲ. ಸರಿ, ಒಪ್ಪಿದವರ ಮಕ್ಕಳಿಗೆ ಲಸಿಕೆ, ಒಪ್ಪದವರ ಮಕ್ಕಳು ಕಂಟ್ರೋಲ್ ಅಂದ್ರೆ ಆಯ್ತಲ್ಲ ಅನ್ನಿಸುತ್ತೆ. ಆಗಲ್ಲ.

ಪೋಲಿಯೊ ಒಂದು ವಿಚಿತ್ರ ಕಾಯಿಲೆ. ಕಿಕ್ಕಿರಿದ, ಅಷ್ಟೇನೂ ಶುಚಿ ಇಲ್ಲದ ಜಾಗದಲ್ಲಿ ಬೆಳೆಯೋ ಮಕ್ಕಳಿಗೆ ಹುಟ್ಟಿದ ಕೆಲವೇ ತಿಂಗಳಲ್ಲಿ ಈ ವೈರಸ್ ತಗಲುತ್ತೆ. ಆಗ ತಾಯಿಯಿಂದ ಬಂದ ಆ್ಯಂಟಿಬಾಡಿ ಮೈಯಲ್ಲಿ ಇನ್ನೂ ಇರೋದರಿಂದ ಕಾಯಿಲೆ ಜೋರಾಗಲ್ಲ, ಜೊತೆಗೆ ಮುಂದಕ್ಕೆ ರೋಗನಿರೋಧಕ ಶಕ್ತಿಯೂ ಬರುತ್ತೆ. ಶುಚಿಯಾದ ಅನುಕೂಲಸ್ಥರ ಮನೆಯ ಮಕ್ಕಳಿಗೆ ವೈರಸ್ ತಗಲೋದು ತಡವಾಗಿ, ಆ ರಕ್ಷಣೆ ಹೋದ ಮೇಲೆ. ಹಾಗಾಗಿ ಅವರಿಗೇ ಅಪಾಯ ಜಾಸ್ತಿ. ಪ್ರಯೋಗಕ್ಕೆ ಹೆಚ್ಚಾಗಿ ಒಪ್ಪಿಕೊಂಡವರೂ ಇಂಥ ಅನುಕೂಲಸ್ಥ ತಂದೆತಾಯಿಗಳೇ.

ಅಂದ್ರೆ ಎರಡು ಗುಂಪುಗಳ ನಡುವೆ ಲಸಿಕೆ ಒಂದೇ ವ್ಯತ್ಯಾಸ ಅಲ್ಲ, ಮನೆಯ ಪರಿಸ್ಥಿತಿಯೂ ವ್ಯತ್ಯಾಸ. ಹೀಗೆ ಔಷಧದ ಜೊತೆಗೂ ಕಾಯಿಲೆಯ ಜೊತೆಗೂ ಸಂಬಂಧ ಇಟ್ಟುಕೊಂಡು ಮಧ್ಯದಲ್ಲಿ ಲೆಕ್ಕ ಕೆಡಿಸೋ ಅಂಶಕ್ಕೆ ಕನ್‌ಫೌಂಡರ್ ಅಂತಾರೆ.

ನಾಣ್ಯ ಚಿಮ್ಮಿದ ಹಾಗೆ

ಇದಕ್ಕೆ ಪರಿಹಾರ ರ್‍ಯಾಂಡಮೈಸೇಷನ್. ಒಪ್ಪಿಕೊಂಡವರನ್ನು ಮಾತ್ರ ತಗೊಂಡು, ಯಾರಿಗೆ ಲಸಿಕೆ ಯಾರಿಗೆ ಇಲ್ಲ ಅನ್ನೋದನ್ನ ನಾಣ್ಯ ಚಿಮ್ಮಿದ ಹಾಗೆ ಅದೃಷ್ಟಕ್ಕೆ ಬಿಡೋದು. ಆಗ ಬಡವ, ಶ್ರೀಮಂತ, ಗಟ್ಟಿಮುಟ್ಟಾದ ಮಗು, ಪೀಚಲು ಮಗು, ಎಲ್ಲರೂ ಎರಡೂ ಕಡೆ ಸರಿಸುಮಾರು ಸಮನಾಗಿ ಹಂಚಿಹೋಗ್ತಾರೆ. ಇದರ ದೊಡ್ಡ ಲಾಭ ಏನಂದ್ರೆ, ನಮಗೆ ಗೊತ್ತೇ ಇಲ್ಲದ ಕನ್‌ಫೌಂಡರ್‌ಗಳೂ ಹಾಗೇ ಹಂಚಿಹೋಗುತ್ತವೆ.

ಇನ್ನೊಂದು ವಿಷಯ. ಸೌಮ್ಯವಾದ ಪೋಲಿಯೊವನ್ನು ಗುರುತಿಸೋದು ಡಾಕ್ಟರ್‌ಗೂ ಕಷ್ಟ. "ಈ ಮಗುವಿಗೆ ಲಸಿಕೆ ಆಗಿದೆ" ಅಂತ ಗೊತ್ತಿದ್ದರೆ, ಅನುಮಾನದ ಕೇಸನ್ನ ಬರೀ ಜ್ವರ ಅಂತ ಬರೆದುಬಿಡೋ ಸಾಧ್ಯತೆ ಇರುತ್ತೆ, ಬೇಕಂತ ಅಲ್ಲದಿದ್ದರೂ. ಅದಕ್ಕೇ ಕಂಟ್ರೋಲ್ ಮಕ್ಕಳಿಗೂ ಇಂಜೆಕ್ಷನ್ ಕೊಟ್ಟರು, ಅದರಲ್ಲಿ ಲಸಿಕೆ ಮಾತ್ರ ಇರಲಿಲ್ಲ. ಇದು ಪ್ಲಸೀಬೊ. ಬಾಟಲಿ ಮೇಲೆ ಕೋಡ್ ನಂಬರ್ ಅಷ್ಟೇ. ಮಗುವಿಗೂ ಗೊತ್ತಿಲ್ಲ, ಪರೀಕ್ಷಿಸೋ ಡಾಕ್ಟರ್‌ಗೂ ಗೊತ್ತಿಲ್ಲ. ಇದೇ ಡಬಲ್ ಬ್ಲೈಂಡ್.

ಈಗ ನಂಬರ್ ನೋಡೋಣ

ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಈ ಪ್ರಯೋಗದಲ್ಲಿದ್ದರು. ರ್‍ಯಾಂಡಮ್ ಆಗಿ ಹಂಚಿದ ಭಾಗದ ಫಲಿತಾಂಶ ಹೀಗಿತ್ತು. ಎಲ್ಲವೂ 1 ಲಕ್ಷ ಮಕ್ಕಳಿಗೆ ಎಷ್ಟು ಕೇಸ್ ಅನ್ನೋ ಲೆಕ್ಕ:

ಲಸಿಕೆ ಪಡೆದವರು, ಸುಮಾರು 2 ಲಕ್ಷ ಮಕ್ಕಳು: 28
ಪ್ಲಸೀಬೊ ಪಡೆದವರು, ಸುಮಾರು 2 ಲಕ್ಷ ಮಕ್ಕಳು: 71
ಒಪ್ಪಿಗೆ ಕೊಡದವರು, ಸುಮಾರು 3.5 ಲಕ್ಷ ಮಕ್ಕಳು: 46

ಮೊದಲು, ಒಟ್ಟು ಕೇಸ್ ಬಿಟ್ಟು "1 ಲಕ್ಷಕ್ಕೆ" ಅಂತ ಯಾಕೆ ಬರೀತಾರೆ? ಗುಂಪುಗಳ ಗಾತ್ರ ಬೇರೆಬೇರೆ. ಮೂರನೇ ಗುಂಪಿನಲ್ಲಿ ಜನ ಜಾಸ್ತಿ, ಹಾಗಾಗಿ ಒಟ್ಟು ಕೇಸೂ ಜಾಸ್ತಿ ಇರುತ್ತೆ. ಹೋಲಿಸಬೇಕಾದ್ದು ರೇಟನ್ನ, ಎಣಿಕೆಯನ್ನಲ್ಲ.

ಲಸಿಕೆಯ ಪರಿಣಾಮ ಎಷ್ಟು? 71ರಿಂದ 28ಕ್ಕೆ ಇಳಿದಿದೆ, ಅಂದ್ರೆ ಸುಮಾರು 61% ಇಳಿಕೆ. ಈಗ ಮೂರನೇ ಸಾಲನ್ನ ನೋಡಿ. ಇಂಜೆಕ್ಷನ್ನೇ ತಗೊಳ್ಳದವರಿಗೆ 46, ಪ್ಲಸೀಬೊ ತಗೊಂಡವರಿಗೆ 71! ಪ್ಲಸೀಬೊ ಕಾಯಿಲೆ ತಂದಿತಾ? ಇಲ್ಲ. ಆ ಮಕ್ಕಳ ಅಪಾಯವೇ ಮೊದಲಿಂದ ಹೆಚ್ಚಿತ್ತು, ಕನ್‌ಫೌಂಡರ್‌ನ ಕೆಲಸ ಇದು. ಒಪ್ಪದವರನ್ನೇ ಕಂಟ್ರೋಲ್ ಮಾಡಿದ್ದರೆ 46ರಿಂದ 28ಕ್ಕೆ, ಸುಮಾರು 39% ಇಳಿಕೆ ಅಷ್ಟೇ ಕಾಣ್ತಿತ್ತು. ಫಾರ್ಮುಲಾ ಸರಿ, ಡೇಟಾ ಸರಿ, ಉತ್ತರ ಮಾತ್ರ ತಪ್ಪು. ಯಾವ ಸಾಫ್ಟ್‌ವೇರೂ ಇಂಥ ತಪ್ಪನ್ನ ಆಮೇಲೆ ತಾನಾಗಿ ಹಿಡಿದುಕೊಡಲ್ಲ.

ಇದೆಲ್ಲ ಅದೃಷ್ಟ ಇರಬಹುದಾ?

ಇಲ್ಲಿ ನಮ್ಮ ಬೈನಾಮಿಯಲ್ ಕೆಲಸಕ್ಕೆ ಬರುತ್ತೆ. ಲಸಿಕೆ ಗುಂಪಿನಲ್ಲಿ ಸುಮಾರು 57 ಕೇಸ್, ಪ್ಲಸೀಬೊ ಗುಂಪಿನಲ್ಲಿ ಸುಮಾರು 142, ಒಟ್ಟು 199. ಲಸಿಕೆ ಏನೂ ಕೆಲಸ ಮಾಡಲ್ಲ ಅಂತ ಒಂದು ನಿಮಿಷ ಅಂದುಕೊಳ್ಳಿ. ಇದೇ ನಲ್ ಹೈಪಾಥಿಸಿಸ್. ಆಗ ಪ್ರತಿ ಕೇಸೂ ಆ ಕಡೆ ಅಥವಾ ಈ ಕಡೆ ಬೀಳೋ ಸಾಧ್ಯತೆ ಅರ್ಧಕ್ಕರ್ಧ, 199 ಸಲ ನಾಣ್ಯ ಚಿಮ್ಮಿದ ಹಾಗೆ. ಸರಾಸರಿ 99.5 ಬರಬೇಕು. ಸ್ಟ್ಯಾಂಡರ್ಡ್ ಡೀವಿಯೇಷನ್ ಅಂದ್ರೆ 199ರ ವರ್ಗಮೂಲದ ಅರ್ಧ, ಸುಮಾರು 7. ನಮಗೆ ಸಿಕ್ಕಿದ್ದು 57, ಅಂದ್ರೆ ಸರಾಸರಿಗಿಂತ 42.5 ಕಡಿಮೆ. ಭಾಗಿಸಿದರೆ ಸುಮಾರು 6 ಸ್ಟ್ಯಾಂಡರ್ಡ್ ಡೀವಿಯೇಷನ್ ದೂರ. ಬರೀ ಅದೃಷ್ಟದಿಂದ ಇಷ್ಟು ದೂರ ಹೋಗೋ ಸಾಧ್ಯತೆ ಕೋಟಿಯಲ್ಲಿ ಒಂದಕ್ಕಿಂತಲೂ ಕಡಿಮೆ. ಈ ಸಾಧ್ಯತೆಗೇ ಪಿ-ವ್ಯಾಲ್ಯೂ ಅನ್ನೋದು.

ನೆನಪಿರಲಿ, ಪಿ-ವ್ಯಾಲ್ಯೂ ಅಂದ್ರೆ "ಲಸಿಕೆ ಕೆಲಸ ಮಾಡದೇ ಇರೋ ಸಾಧ್ಯತೆ" ಅಲ್ಲ. "ಲಸಿಕೆ ಕೆಲಸ ಮಾಡಲ್ಲ ಅಂತಾದರೆ ಇಷ್ಟು ದೊಡ್ಡ ವ್ಯತ್ಯಾಸ ಬರೋ ಸಾಧ್ಯತೆ". ಎರಡೂ ಒಂದೇ ಥರ ಕೇಳಿಸುತ್ತೆ, ಆದರೆ ಒಂದೇ ಅಲ್ಲ.

ಇಷ್ಟೊಂದು ಮಕ್ಕಳು ಯಾಕೆ ಬೇಕಿತ್ತು ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಪ್ರತಿ ಗುಂಪಿನಲ್ಲಿ 1,000 ಮಕ್ಕಳನ್ನಷ್ಟೇ ಇಟ್ಟಿದ್ದರೆ, ಲಸಿಕೆ ಗುಂಪಿನಲ್ಲಿ ನಿರೀಕ್ಷಿಸಬಹುದಾದ ಕೇಸ್ 0.28, ಪ್ಲಸೀಬೊದಲ್ಲಿ 0.71. ಎರಡೂ ಕಡೆ ಸೊನ್ನೆ ಬಂದು ಏನೂ ಗೊತ್ತಾಗ್ತಿರಲಿಲ್ಲ. ಕಾಯಿಲೆ ಎಷ್ಟು ಅಪರೂಪವೋ ಸ್ಯಾಂಪಲ್ ಅಷ್ಟು ದೊಡ್ಡದಿರಬೇಕು.

ಹಾಗಾದ್ರೆ ಪ್ಲಸೀಬೊ ಕೊಟ್ಟಿದ್ದು ಸರೀನಾ?

ಪ್ಲಸೀಬೊ ಗುಂಪಿನ ಆ 142 ಅನ್ನೋದು 142 ಮಕ್ಕಳು. ಅವರಿಗೂ ಲಸಿಕೆ ಕೊಟ್ಟಿದ್ದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಪೋಲಿಯೊ ಬರ್ತಿರಲಿಲ್ಲ. ಇದನ್ನ ಓದಿದಾಗ ಹೊಟ್ಟೆಯಲ್ಲಿ ಏನೋ ಆಗುತ್ತೆ. ಆಗಲೂ ತುಂಬಾ ಜನ ಇದನ್ನ ವಿರೋಧಿಸಿದ್ದರು. ಹಾಗಾಗಿ ಬೇರೆ ಕೆಲವು ಪ್ರದೇಶಗಳಲ್ಲಿ ಪ್ಲಸೀಬೊ ಇಲ್ಲದೆ, ಒಪ್ಪಿದ ಎರಡನೇ ತರಗತಿ ಮಕ್ಕಳಿಗೆ ಲಸಿಕೆ ಕೊಟ್ಟು, ಒಂದು ಮತ್ತು ಮೂರನೇ ತರಗತಿಯ ಎಲ್ಲರನ್ನೂ ಕಂಟ್ರೋಲ್ ಅಂತ ಇಟ್ಟುಕೊಂಡರು.

ಆದರೆ ಇನ್ನೊಂದು ಕಡೆಯಿಂದಲೂ ನೋಡಬೇಕು. 1954ರಲ್ಲಿ ಲಸಿಕೆ ಕೆಲಸ ಮಾಡುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅದು ಅಪಾಯ ಮಾಡೋ ಸಾಧ್ಯತೆಯೂ ಇತ್ತು. ಉತ್ತರ ಸ್ಪಷ್ಟವಾಗಿ ಸಿಗದಿದ್ದರೆ, ಕೆಲಸ ಮಾಡದ ಲಸಿಕೆಯನ್ನ ಕೋಟಿಗಟ್ಟಲೆ ಮಕ್ಕಳಿಗೆ ಕೊಡಬೇಕಾಗ್ತಿತ್ತು, ಇಲ್ಲಾ ಕೆಲಸ ಮಾಡೋ ಲಸಿಕೆಯನ್ನ ಬಿಟ್ಟುಬಿಡಬೇಕಾಗ್ತಿತ್ತು. 1955ರ ಏಪ್ರಿಲ್ 12ರಂದು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಫ್ರಾನ್ಸಿಸ್ ಫಲಿತಾಂಶ ಪ್ರಕಟಿಸಿದಾಗ ಜನ ಅದನ್ನ ನಂಬೋಕೆ ಗಟ್ಟಿ ಕಾರಣ ಇತ್ತು.

ಮುಂದೆ ನಮ್ಮಲ್ಲೂ ಕೆಲವರು ಹೆಲ್ತ್ ಆ್ಯಪ್ ಮಾಡ್ತೀವಿ, ಆಸ್ಪತ್ರೆ ಡೇಟಾ ಮೇಲೆ ಮಾಡೆಲ್ ಟ್ರೇನ್ ಮಾಡ್ತೀವಿ. ಕೋಡ್ ಬರೆಯೋ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಯಾರನ್ನ ಯಾರ ಜೊತೆ ಹೋಲಿಸ್ತಿದ್ದೀವಿ? ಆ ಎರಡು ಗುಂಪು ಬೇರೆ ಯಾವ ರೀತಿಯಲ್ಲಿ ಬೇರೆಯಾಗಿವೆ? ಈ ವ್ಯತ್ಯಾಸ ಬರೀ ಅದೃಷ್ಟದಿಂದ ಬರೋಕೆ ಸಾಧ್ಯನಾ?

ಕೊನೆಗೆ ಒಂದು ಹೋಮ್‌ವರ್ಕ್. ಪ್ಲಸೀಬೊ ಇಲ್ಲದ ಪ್ರದೇಶಗಳಲ್ಲಿ 1 ಲಕ್ಷಕ್ಕೆ ಲಸಿಕೆ ಪಡೆದವರಲ್ಲಿ 25, ಒಂದು ಮತ್ತು ಮೂರನೇ ತರಗತಿಯವರಲ್ಲಿ 54, ಒಪ್ಪಿಗೆ ಕೊಡದ ಎರಡನೇ ತರಗತಿಯವರಲ್ಲಿ 44 ಕೇಸ್ ಬಂದವು. ಕಂಟ್ರೋಲ್ ರೇಟ್ ಇಲ್ಲಿ 71ರ ಹತ್ತಿರ ಬರದೆ 54ಕ್ಕೇ ನಿಂತಿದ್ದು ಯಾಕೆ? ಒಂದು ಸುಳಿವು ಕೊಡ್ತೀನಿ: ಒಂದು ಮತ್ತು ಮೂರನೇ ತರಗತಿಯವರನ್ನ ಒಪ್ಪಿಗೆ ಇದೆಯಾ ಅಂತ ಯಾರೂ ಕೇಳಿರಲಿಲ್ಲ.